ಬಿರುಕು ಬಿಡದ ಮೆಕ್ಸಿಕೋ ಒಲೆ

ಗಿಡಗಳಿಗೆ ನೀರು ಹಾಕಲು ಬಂದ ಸಫ್ವಾನ್, ಟೆಂಟಿನ ಬಾಗಿಲು ನೋಡಿ ಕೈಯಲ್ಲಿದ್ದ ಪೈಪನ್ನು ಕೆಳಗೆ ಹಾಕಿದ.

ಬಾಗಿಲೆಂದರೆ ಒಂದು ದಪ್ಪ ಪರದೆ. ಒಳಗೆ ಮಲಗುವವರು ಅದನ್ನು ಒಳಗಿನಿಂದ ಕಟ್ಟಿಕೊಳ್ಳಬೇಕು. ಇಲ್ಲಿ ಗಂಟು ಹೊರಗಿತ್ತು. ಒಂದಲ್ಲ, ಮೇಲಿಂದ ಕೆಳಗಿನ ತನಕ ಇದ್ದ ಎಲ್ಲ ಗಂಟುಗಳೂ.

ದೋಹಾ ಹತ್ತಿರದ ಉಮ್ಮ್ ಸಲಾಲ್‌ನ ಆ ವಿಲ್ಲಾದ ಯಜಮಾನ ಆಲ್ಬರ್ಟ್ ಪಾಯ್ಸ್. ತೋಟದ ಅಲಂಕಾರದ ಸಾಮಾನು ತರಿಸಿ ಮಾರುವ ಕಂಪನಿಯ ಮ್ಯಾನೇಜರ್. ಚಳಿಗಾಲದಲ್ಲಿ ಗುರುವಾರ ಬಂತೆಂದರೆ ಮನೆಯೊಳಗಿನ ಮಂಚ ಬಿಟ್ಟು ತೋಟದ ಟೆಂಟಿನಲ್ಲಿ ಮಲಗುವುದು ಅವರ ಖಯಾಲಿ. ಹೆಂಡತಿ ಜೂಲಿಯೆಟ್ ಮಂಗಳೂರಿಗೆ ಹೋಗಿದ್ದರಿಂದ ಬೈಯುವವರೂ ಇರಲಿಲ್ಲ.

"ಸರ್! ಆಲ್ಬರ್ಟ್ ಸರ್!"

ಉತ್ತರವಿಲ್ಲ. ಸಫ್ವಾನ್ ಗಿಡ ಕತ್ತರಿಸುವ ಕತ್ತರಿಯಿಂದಲೇ ಗಂಟುಗಳನ್ನು ಕತ್ತರಿಸಿದ. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಎದುರಿನ ಬಟ್ಟೆಯ ಗೋಡೆಯ ಬಳಿ ಹೊಸ ಮೆಕ್ಸಿಕೋ ಒಲೆ. ಡೊಳ್ಳು ಹೊಟ್ಟೆ, ಮುಂದೆ ಬಾಯಿ, ಮೇಲೆ ಉದ್ದನೆಯ ಕತ್ತು. ಅಂಗಡಿಯವರು ಚಿಮಿನಿಯಾ ಎನ್ನುವ ಮಣ್ಣಿನ ಒಲೆ ಅದು. ಹೊಟ್ಟೆಯಲ್ಲಿ ಇದ್ದಿಲು ಇನ್ನೂ ಕೆಂಪಗಿತ್ತು. ಹೊಗೆ ಹೋಗಬೇಕಾದ ಕತ್ತಿನ ಮೇಲೆ ಮಣ್ಣಿನ ಮುಚ್ಚಳ. ಟೆಂಟಿನ ಮಾಡಿನಲ್ಲಿದ್ದ ಕಿಂಡಿಯೂ ಮುಚ್ಚಿತ್ತು. ಹಾಸಿಗೆಯ ಮೇಲೆ ಆಲ್ಬರ್ಟ್ ಅಲುಗಾಡದೆ ಬಿದ್ದಿದ್ದರು.

ಸಫ್ವಾನ್ ಉಸಿರು ಬಿಗಿಹಿಡಿದು ಅವರ ಎರಡೂ ಕಾಲು ಹಿಡಿದು ಹುಲ್ಲಿನ ಮೇಲಕ್ಕೆ ಎಳೆದ. ಆಂಬುಲೆನ್ಸ್ ಬರುವಾಗ ಆಲ್ಬರ್ಟ್ ಉಸಿರಾಡುತ್ತಿದ್ದರು. ಅಷ್ಟೇ. ಕಣ್ಣು ತೆರೆಯಲಿಲ್ಲ.

ಅಂದೇ ಸಂಜೆ ಪೊಲೀಸರು ಒಬ್ಬನನ್ನು ಹಿಡಿದರು. ಆಲ್ಬರ್ಟ್ ಕೈಕೆಳಗೆ ಸೇಲ್ಸ್‌ನಲ್ಲಿದ್ದ ಬೆಂಗಳೂರಿನ ರಾಕೇಶ್.

* * *

ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲ್ಯಾಟಿನಲ್ಲಿ ರಾಕೇಶನ ಹೆಂಡತಿ ಸಂಜನಾ ತುಂಬು ಬಸುರಿ. ಇಂದೋ ನಾಳೆಯೋ ಎನ್ನುವಂತಿದ್ದಳು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅವಳ ತಾಯಿ ವಿಜಯಮ್ಮ ಆಗಷ್ಟೇ ಅಂಟಿನುಂಡೆಗೆ ಕೊಬ್ಬರಿ ತುರಿಯುತ್ತಿದ್ದರು. ಸುದ್ದಿ ತಂದವರು ಮುದ್ದುಕೃಷ್ಣ. ದೋಹಾದ ಕನ್ನಡಿಗರಿಗೆ ಆಸ್ಪತ್ರೆ, ಸ್ಟೇಷನ್ ಅಂತ ಏನೇ ತಾಪತ್ರಯ ಬಂದರೂ ಕಾರು ತೆಗೆದುಕೊಂಡು ಹೊರಡುವ ಮನುಷ್ಯ.

"ಆರೋಪ ಏನು?" ವಿಜಯಮ್ಮ ತುರಿಮಣೆ ಪಕ್ಕಕ್ಕಿಟ್ಟರು.

"ಕೊಲೆ ಯತ್ನ ಮೇಡಂ. ಗುರುವಾರ ಸಂಜೆ ರಜೆ ಕೇಳೋಕೆ ಅಂತ ಆ ವಿಲ್ಲಾಗೆ ಹೋಗಿದ್ದಾರೆ. ಜೋರು ಜಗಳ ಆಗಿದೆ, ಪಕ್ಕದ ಮನೆಯವರು ಕೇಳಿಸ್ಕೊಂಡಿದ್ದಾರೆ. ಒಲೆ ಹಚ್ಚಿದ್ದೂ ರಾಕೇಶ್ ಅವರೇ, ಒಪ್ಕೊಂಡಿದ್ದಾರೆ. ಮುಚ್ಚಳದ ಮೇಲೆ ಅವರ ಬೆರಳಚ್ಚೇ ಇದೆ."

"ಒಲೆ ಮಾರೋನ ಬೆರಳು ಒಲೆ ಮುಚ್ಚಳದ ಮೇಲೆ ಇಲ್ದೆ ಇನ್ನೆಲ್ಲಿರುತ್ತೆ?"

"ನಾನೂ ಅದನ್ನೇ ಅಂದೆ. ಕ್ಯಾಪ್ಟನ್ ಹಂಝ ಅಂತ ಒಬ್ರು ಇದ್ದಾರೆ. ಒಳ್ಳೇವ್ರು. ಆದ್ರೆ ಬೇರೆ ಯಾರ ಮೇಲೂ ಅನುಮಾನ ಇಲ್ಲ ಅಂತಾರೆ."

ಸಂಜನಾ ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿದಳು. "ಅಮ್ಮಾ, ಪಾಪು ಬರೋ ಹೊತ್ತಿಗೆ ಅವರು ಇರ್ತಾರಾ?"

ವಿಜಯಮ್ಮ ಎದ್ದು ಕೈ ತೊಳೆದರು. ಅವರು ಆಹಾರ ನಿರೀಕ್ಷಕಿಯಾಗಿ ನಿವೃತ್ತರಾದವರು. ಮೈಸೂರಿನಲ್ಲೂ, ವರ್ಗವಾಗಿ ಹೋದ ಉಡುಪಿಯಲ್ಲೂ, ಹೋಟೆಲುಗಳ ಅಡುಗೆಮನೆಗೆ ಹಿಂಬಾಗಿಲಿನಿಂದ ನುಗ್ಗಿ ಆಯುಷ್ಯ ಕಳೆದಿದ್ದರು. ಯಾರು ಏನೇ ಹೇಳಿದರೂ ಮೊದಲು ನಂಬದೆ ಇರುವುದು ಅವರ ಕೆಲಸವಾಗಿತ್ತು. ಈಗ ಅದೇ ಸ್ವಭಾವವಾಗಿದೆ. ಅಳಿಯನನ್ನೂ ಅವರು ಸುಮ್ಮಸುಮ್ಮನೆ ನಂಬಲಿಲ್ಲ. ಸ್ಟೇಷನ್ನಿಗೆ ಹೋಗಿ ಎದುರು ಕೂತು ಕೇಳಿದರು.

"ನಿಜ ಹೇಳಿ. ಸಿಟ್ಟು ಬಂದಿತ್ತಾ?"

"ಬಂದಿತ್ತು ಅತ್ತೆ." ರಾಕೇಶನ ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು. "ಸೀಸನ್ ಟೈಮಲ್ಲಿ ರಜೆ ಇಲ್ಲ ಅಂದ್ರು, ನಾನೂ ಕೂಗಾಡ್ದೆ. ಆಮೇಲೆ ಅವರೇ ತಣ್ಣಗಾಗಿ, 'ಭಾನುವಾರ ನಮ್ಮ ಮನೆಯವರ ವಿಷಯದಲ್ಲೇ ಒಂದು ಗಟ್ಟಿ ತೀರ್ಮಾನ ತಕೊಳ್ಳುವುದುಂಟು, ಅದು ಮುಗಿದ ಮೇಲೆ ನಿನ್ನದು ನೋಡುವ' ಅಂದ್ರು. ಶೀತ ಆಗಿತ್ತು ಅವರಿಗೆ. ಮಾತ್ರೆ ನುಂಗಿ ತೂಕಡಿಸ್ತಿದ್ರು. ಒಲೆ ಹಚ್ಚು ಅಂದ್ರು. ನಾನು ಬೇಡ ಅಂದೆ."

"ಯಾಕೆ?"

"ಹೊಸ ಒಲೆ ಅತ್ತೆ. ಅವರು ಮಸ್ಕತ್‌ಗೆ ಹೋಗಿದ್ದಾಗ ಸ್ಟೋರಿಂದ ನಾನೇ ತಂದು ಟೆಂಟಲ್ಲಿ ಇಟ್ಟಿದ್ದೆ. ಸಣ್ಣ ಸಣ್ಣ ಬೆಂಕಿ ಹಾಕಿ ಪಳಗಿಸ್ದೆ ದೊಡ್ಡ ಬೆಂಕಿ ಹಾಕಿದ್ರೆ ಮಣ್ಣು ಬಿರಿಯುತ್ತೆ. ಕಸ್ಟಮರ್‌ಗಳು ಹೇಳಿದ ಮಾತು ಕೇಳಲ್ಲ, ಒಡೆದ ಮೇಲೆ ನಮ್ಮ ಜತೆ ಜಗಳಕ್ಕೆ ಬರ್ತಾರೆ. ಸರ್‌ಗೂ ಅದನ್ನೇ ಹೇಳ್ದೆ. 'ನಾನು ಮಸ್ಕತಿನಿಂದ ಈಗ ಬಂದದ್ದು, ಪಳಗಿಸಲಿಕ್ಕೆ ಪುರುಸೊತ್ತೆಲ್ಲಿ? ಚಳಿ ಮಾರಾಯ, ಹಾಕು' ಅಂದ್ರು. ಬಾಯಿ ತುಂಬ ಸೌದೆ ಹಾಕ್ದೆ."

"ಒಡೀತಾ?"

"ಇಲ್ಲ. ನನಗೇ ಆಶ್ಚರ್ಯ ಆಯ್ತು. ನಾನು ಹೊರಡುವಾಗ ಮಾಡಿನ ಕಿಂಡಿ ತೆಗೆದೇ ಇತ್ತು, ಪರದೆನೂ ತೆಗೆದಿತ್ತು. ದೇವರಾಣೆ."

ದೇವರಾಣೆಯನ್ನು ವಿಜಯಮ್ಮ ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಲಿಗೆ ನೀರು ಬೆರೆಸುವವರೆಲ್ಲ ಅದನ್ನು ಅವರ ಎದುರು ಹಾಕಿದ್ದರು. ಆದರೆ ಒಡೆಯಬೇಕಾದ ಒಲೆ ಒಡೆಯಲಿಲ್ಲ ಎಂಬ ಮಾತು ಮಾತ್ರ ಅವರ ತಲೆಯಲ್ಲಿ ಉಳಿಯಿತು. ಸುಳ್ಳು ಹೇಳುವವನು ತನಗೆ ಯಾವ ಪ್ರಯೋಜನಕ್ಕೂ ಬಾರದ ಇಂಥ ಮಾತು ಹೇಳುವುದಿಲ್ಲ.

* * *

ಮರುದಿನ ಅವರು ಮುದ್ದುಕೃಷ್ಣನ ಕಾರಿನಲ್ಲಿ ಉಮ್ಮ್ ಸಲಾಲ್‌ಗೆ ಹೋದರು. ಜೂಲಿಯೆಟ್ ಸಿಕ್ಕಿದ ವಿಮಾನ ಹತ್ತಿ ವಾಪಸಾಗಿದ್ದರು. ಆರೋಪಿಯ ಅತ್ತೆ ಬಾಗಿಲಲ್ಲಿ ನಿಂತರೆ ಯಾರು ಒಳಗೆ ಕರೆಯುತ್ತಾರೆ? ಜೂಲಿಯೆಟ್ ಕರೆದರು. ಅದೇ ವಿಜಯಮ್ಮನಿಗೆ ಅನುಮಾನ ಹುಟ್ಟಿಸಿತು. ಗಂಡ ಐಸಿಯುನಲ್ಲಿ ಮಲಗಿದ್ದಾರೆ, ಈಕೆಯ ಕಣ್ಣಲ್ಲಿ ಒಂದು ಹನಿಯಿಲ್ಲ.

"ಬನ್ನಿ. ನಿಮ್ಮ ಮಗಳ ಸ್ಥಿತಿ ನನಗೆ ಗೊತ್ತುಂಟು. ಆದರೆ ಕೇಸು ಹಿಂದೆ ತಕೊಳ್ಳಿ ಅಂತ ಮಾತ್ರ ಕೇಳಬೇಡಿ."

"ಕೇಳಲ್ಲಮ್ಮ. ನೋಡ್ಕೊಂಡು ಹೋಗೋಣ ಅಂತ ಬಂದೆ."

ಅಡುಗೆಮನೆಯಿಂದ ಒಬ್ಬ ಚಹಾದ ಟ್ರೇ ಹಿಡಿದು ಬಂದ. ಜೂಲಿಯೆಟ್ ಅವರ ತಮ್ಮ ರಸೆಲ್. ಅಲ್ ವಕ್ರಾದಲ್ಲಿ ಮನೆ, ಭಾವನದೇ ಕಂಪನಿಯಲ್ಲಿ ಕೆಲಸ. ನಯವಾದ ಮಾತು.

"ಎಂಥ ಗ್ರಹಚಾರ ನೋಡಿ ಆಂಟಿ. ನಾನೊಬ್ಬ ಆ ವಾರ ಈ ಕಡೆ ತಲೆಯೇ ಹಾಕಲಿಲ್ಲ. ಶುಕ್ರವಾರ ಭಾವನನ್ನು ಚರ್ಚಿನ ಪೂಜೆಗೆ ಕರಕೊಂಡು ಹೋಗುವ ಅಂತ ಬಂದರೆ ಗೇಟಿನಲ್ಲಿ ಆಂಬುಲೆನ್ಸ್."

ಯಾರೂ ಕೇಳದ ಪ್ರಶ್ನೆಗೆ ಉತ್ತರ. ವಿಜಯಮ್ಮ ಅದನ್ನು ಚಹಾದ ಜತೆ ನುಂಗಿದರು.

ಲೋಟ ಇಡುವ ನೆಪದಲ್ಲಿ ಅವರು ಅಡುಗೆಮನೆಗೆ ನುಗ್ಗಿದರು. ಹಳೆಯ ಚಾಳಿ. ಕುಚ್ಚಲಕ್ಕಿಯ ಡಬ್ಬ, ತೆಂಗಿನೆಣ್ಣೆ, ಕಪಾಟಿನ ಮೇಲೆ ಮೀನಿನ ಸಾರಿನ ಮಣ್ಣಿನ ಮಡಕೆಗಳ ಸಾಲು. ಪ್ರತಿ ಮಡಕೆಯ ಹೊಟ್ಟೆಯ ಮೇಲೂ ಕಂದು ಬಣ್ಣದ ಒಂದು ಶಿಲುಬೆ, ಅದರ ನಾಲ್ಕು ಮೂಲೆಯಲ್ಲಿ ಒಂದೊಂದು ಚುಕ್ಕಿ.

"ಇದೇನಮ್ಮಾ, ಅಂಗಡಿಯಲ್ಲೇ ಹೀಗೆ ಬರುತ್ತಾ?"

ಜೂಲಿಯೆಟ್ ಅವರ ಮುಖದಲ್ಲಿ ಮೊದಲ ಸಲ ನಗುವಿನ ನೆರಳು ಬಂತು. "ಇಲ್ಲಪ್ಪ. ನಮ್ಮ ಅಜ್ಜಿಯ ಪದ್ಧತಿ. ಹೊಸ ಮಡಕೆಯನ್ನು ಗಂಜಿನೀರಲ್ಲಿ ಪಳಗಿಸುವಾಗ ಬೆರಳದ್ದಿ ಗುರುತು ಹಾಕುವುದು. ಮೊದಲ ಬೆಂಕಿ ದೇವರ ಹೆಸರಲ್ಲಿ ಆಗಬೇಕು ಅಂತ."

ಅಷ್ಟರಲ್ಲಿ ರಸೆಲ್ ಇಣುಕಿದ. "ಅಕ್ಕ, ಆ ದರಿದ್ರದ ಒಲೆಗೆ ನಾಳೆ ಪಿಕಪ್ ಬರ್ತದೆ. ಪೊಲೀಸರದ್ದು ಖಲಾಸ್ ಆಯ್ತಲ್ಲ, ಸಾಗಿಸಿಬಿಡುವ."

"ಒಂದು ಸಲ ನೋಡ್ಬಹುದಾ? ಅಳಿಯ ಜೈಲಿಗೆ ಹೋಗಿದ್ದು ಅದರಿಂದ ತಾನೆ?" ಎಂದರು ವಿಜಯಮ್ಮ.

ಟೆಂಟಿನಲ್ಲಿ ಒಲೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಬೆನ್ನನ್ನು ಬಟ್ಟೆಯ ಗೋಡೆಯ ಕಡೆಗೆ ಕೊಟ್ಟು ನಿಂತಿತ್ತು. ಮೈಯ ಮೇಲೆ ಒಂದು ಬಿರುಕಿಲ್ಲ. ಪೊಲೀಸರು ಬಾಯಿ, ಕತ್ತು, ಮುಚ್ಚಳ ಎಲ್ಲಕ್ಕೂ ಪುಡಿ ಬಳಿದು ಹೋಗಿದ್ದರು. ವಿಜಯಮ್ಮ ಕೆಳಗೆ ನೋಡಿದರು. ಸ್ಟ್ಯಾಂಡಿನ ಕಾಲ ಬಳಿ ಜಲ್ಲಿಕಲ್ಲಿನ ನಡುವೆ ಇರುವೆಗಳು ಸಾಲುಗಟ್ಟಿದ್ದವು. ಬೆಂಕಿ ಉರಿದ ಜಾಗದಲ್ಲಿ ಇರುವೆಗೆ ಏನು ಕೆಲಸ? ಅವರು ಬಗ್ಗಿ ಒಂದು ಕಲ್ಲು ಎತ್ತಿದರು. ಒಣಗಿ ಅಂಟಿಕೊಂಡ ಅನ್ನದ ಅಗುಳು. ದಪ್ಪನೆಯದು, ಮೈಮೇಲೆ ಕೆಂಪು ಸಿಪ್ಪೆ.

ಕುಚ್ಚಲಕ್ಕಿ. ಉಡುಪಿಯಲ್ಲಿ ಇದ್ದಷ್ಟು ದಿನವೂ ಉಂಡ ಅನ್ನ ಅವರಿಗೆ ಮರೆಯುವುದೇ? ಅವರು ಕಲ್ಲನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಸೇರಿಸಿದರು. ಹಿಂದೆ ತಿರುಗಿದರೆ ಟೆಂಟಿನ ಬಾಗಿಲಲ್ಲಿ ರಸೆಲ್ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ.

* * *

ವಿಜಯಮ್ಮನ ಮೊದಲ ಅನುಮಾನ ತಪ್ಪು ಮನುಷ್ಯನ ಮೇಲೆ ಹೋಯಿತು. ಗೇಟಿನ ಕೀ ಯಾರ ಹತ್ತಿರ ಇದೆ? ಸಫ್ವಾನ್ ಹತ್ತಿರ. ಊರು? ಬಂಟ್ವಾಳದ ಕಡೆ. ಮನೆಯಲ್ಲಿ ತಿನ್ನುವುದು? ಕುಚ್ಚಲಕ್ಕಿ ಗಂಜಿ. ಅವರು ಗೇಟಿನ ಹೊರಗೇ ಅವನನ್ನು ಹಿಡಿದು, ಕಲ್ಲನ್ನು ಮುಖದ ಮುಂದೆ ಹಿಡಿದರು.

"ಯಜಮಾನರು ಊರಲ್ಲಿ ಇಲ್ಲದಾಗ ಆ ಒಲೆಗೆ ಗಂಜಿ ಬಳಿದು ಪಳಗಿಸಿದ್ದು ನೀನೇ ಅಲ್ವಾ? ಆ ರಾತ್ರಿ ಕಿಂಡಿ ಮುಚ್ಚಿದ್ದೂ ನೀನೇ ಅಲ್ವಾ?"

ಸಫ್ವಾನ್ ಸಿಟ್ಟಾದ.

"ಎಂಥ ಮಾತು ಅಮ್ಮ ನಿಮ್ಮದು? ಅವರನ್ನು ಸಾಯಿಸಬೇಕು ಅಂತ ಇದ್ದಿದ್ದರೆ ಕಾಲು ಹಿಡಿದು ಹೊರಗೆ ಎಳೆಯುವುದು ಯಾಕೆ? ಸುಮ್ಮನೆ ನೀರು ಹಾಕಿ ಹೋಗ್ತಿದ್ದೆ. ಮತ್ತೆ ನಾನು ಗಂಜಿ ಮಾಡುವುದು ಎಲ್ಲಿ? ಕ್ಯಾಂಪಲ್ಲಿ ನಮಗೆ ಮೆಸ್ಸಿನ ಊಟ. ಈ ಮನೆಯ ಅಡುಗೆಕೋಣೆಯ ಕೀ ನನ್ನ ಹತ್ರ ಇಲ್ಲ. ನನಗೆ ಕೊಟ್ಟದ್ದು ಗೇಟಿನದ್ದು ಮಾತ್ರ."

ವಿಜಯಮ್ಮನಿಗೆ ನಾಚಿಕೆಯಾಯಿತು. ಜೀವ ಉಳಿಸಿದವನನ್ನೇ ಕೊಲೆಗಾರ ಅಂದುಬಿಟ್ಟಿದ್ದರು.

"ತಪ್ಪಾಯ್ತಪ್ಪ. ಮಗಳ ಸಂಕಟದಲ್ಲಿ ಬಾಯಿ ಜಾರಿತು. ಮನೆ ಕೀ ಮತ್ಯಾರ ಹತ್ತಿರ ಇದೆ?"

"ಜೂಲಿಯೆಟ್ ಅಮ್ಮನ ತಮ್ಮನಲ್ಲಿ ಉಂಟು."

ಕಾರು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ವಿಜಯಮ್ಮ ಇದ್ದಕ್ಕಿದ್ದಂತೆ ಡ್ಯಾಶ್‌ಬೋರ್ಡಿನ ಮೇಲೆ ಕೈ ಬಡಿದರು.

"ಮುದ್ದುಕೃಷ್ಣ ಅವರೇ, ಗಾಡಿ ನಿಲ್ಸಿ. ಪೊಲೀಸರು ಆ ಒಲೆಯ ಬೆನ್ನು ನೋಡಿದ್ರಾ?"

"ಬೆನ್ನಾ?"

"ಮುಂದೆಲ್ಲ ಪುಡಿ ಬಳಿದಿದ್ದಾರೆ. ಬೆನ್ನು ಗೋಡೆ ಕಡೆಗಿದೆ. ನಾಳೆ ಪಿಕಪ್ ಬಂದ್ರೆ ಖಲಾಸ್ ಅಷ್ಟೆ. ಆ ಕ್ಯಾಪ್ಟನ್‌ಗೆ ಫೋನ್ ಹಚ್ಚಿ."

* * *

ಕ್ಯಾಪ್ಟನ್ ಹಂಝ ಅಂದೇ ಟೆಂಟಿಗೆ ಬಂದರು. ಬರಲು ಇಷ್ಟವಿಲ್ಲದವರಂತೆ ಬಂದರು. ಮುದ್ದುಕೃಷ್ಣ ವಿಜಯಮ್ಮನ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುತ್ತ ಬೆವರುತ್ತಿದ್ದರು. ಜೂಲಿಯೆಟ್ ಕುರ್ಚಿಯಲ್ಲಿ ಕೂತಿದ್ದರು. ರಸೆಲ್ ಕೈಕಟ್ಟಿ ನಿಂತಿದ್ದ.

"ಅಮ್ಮ, ನನಗೆ ಅಡುಗೆಯ ವಿಷಯ ತಿಳಿಯುವುದಿಲ್ಲ. ಯಲ್ಲಾ, ಬೇಗ ಹೇಳಿ," ಎಂದರು ಕ್ಯಾಪ್ಟನ್.

"ಅಡುಗೆ ವಿಷಯವೇ ಇದು. ಪಳಗಿಸದ ಒಲೆಗೆ ನನ್ನ ಅಳಿಯ ಬಾಯಿ ತುಂಬ ಸೌದೆ ಹಾಕಿದ. ಬಿರಿಯಬೇಕಿತ್ತು. ಬಿರಿಯಲಿಲ್ಲ. ಅಂದರೆ ಯಾರೋ ಮುಂಚೆಯೇ ಪಳಗಿಸಿದ್ದರು. ಕುಚ್ಚಲಕ್ಕಿ ಗಂಜಿ ಬಳಿದು, ಒಣಗಿಸಿ, ಸಣ್ಣ ಬೆಂಕಿ ಹಾಕಿ. ಇಗೋ ಚೆಲ್ಲಿದ ಅಗುಳು." ಅವರು ಕಲ್ಲನ್ನು ಮುಂದಿಟ್ಟರು. "ಬೆಂಗಳೂರಿನ ನನ್ನ ಅಳಿಯನಿಗೆ ಕುಚ್ಚಲಕ್ಕಿಯೂ ಗೊತ್ತಿಲ್ಲ, ಗಂಜಿಯೂ ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ಕಂಪನಿಯವರು ಹೇಳಿಕೊಟ್ಟ ಸಣ್ಣ ಬೆಂಕಿ ಒಂದೇ."

ರಸೆಲ್ ನಕ್ಕ. "ಭಾವನೇ ಪಳಗಿಸಿರಬಹುದು. ನಮ್ಮ ಕಡೆಯವರಿಗೆ ಯಾರಿಗೆ ಗೊತ್ತಿಲ್ಲ ಅದು?"

"ಅವರು ಮಸ್ಕತ್‌ನಲ್ಲಿದ್ದರು. ಬಂದ ಸಂಜೆಯೇ 'ಪಳಗಿಸಲಿಕ್ಕೆ ಪುರುಸೊತ್ತೆಲ್ಲಿ' ಅಂದಿದ್ದಾರೆ. ಕ್ಯಾಪ್ಟನ್, ಒಲೆಯನ್ನು ತಿರುಗಿಸಲು ಹೇಳಿ."

ಇಬ್ಬರು ಪೇದೆಗಳು ಸ್ಟ್ಯಾಂಡ್ ಹಿಡಿದು ಒಲೆಯನ್ನು ತಿರುಗಿಸಿದರು.

ಬೆನ್ನಿನ ಮೇಲೆ, ನಸುಗೆಂಪು ಮಣ್ಣಿನ ನಡುವೆ, ಕಂದು ಬಣ್ಣದ ಒಂದು ಶಿಲುಬೆ. ನಾಲ್ಕು ಮೂಲೆಯಲ್ಲಿ ನಾಲ್ಕು ಚುಕ್ಕಿ.

ವಿಜಯಮ್ಮ ಅಡುಗೆಮನೆಯಿಂದ ತಂದಿದ್ದ ಮೀನಿನ ಮಡಕೆಯನ್ನು ಅದರ ಪಕ್ಕ ಹಿಡಿದರು. ಅದೇ ಗೆರೆ, ಅದೇ ಚುಕ್ಕಿ.

"ಗಂಜಿನೀರಲ್ಲಿ ಬರೆದದ್ದು ಒಣಗಿದ ಮೇಲೆ ಕಾಣಿಸುವುದಿಲ್ಲ. ಸಣ್ಣ ಬೆಂಕಿಗೂ ಏಳುವುದಿಲ್ಲ. ದೊಡ್ಡ ಬೆಂಕಿ ಬಿದ್ದ ಮೇಲೆ ಸೀದು ಎದ್ದು ಕಾಣುತ್ತದೆ. ಬರೆದವನಿಗೂ ಇದು ಎದ್ದಿರುವುದು ತಿಳಿದಿರಲಿಲ್ಲ."

ರಸೆಲ್ ತುಟಿ ಒದ್ದೆ ಮಾಡಿಕೊಂಡ. "ಹಾಗಾದರೆ ಅಕ್ಕ..." ಎಂದು ಆರಂಭಿಸಿ ನಿಲ್ಲಿಸಿದ.

ಜೂಲಿಯೆಟ್ ನಿಧಾನವಾಗಿ ಎದ್ದರು. "ನಾನು ಮಂಗಳೂರಲ್ಲಿದ್ದೆ ರಸೆಲ್. ಮತ್ತೆ ನನಗೆ ಈ ಚುಕ್ಕಿ ಇಡಲಿಕ್ಕೆ ಬರುವುದಿಲ್ಲ. ಅಜ್ಜಿ ಕಲಿಸಿದ್ದು ನಿನಗೊಬ್ಬನಿಗೆ. ನನ್ನ ಮನೆಯ ಒಂದೊಂದು ಮಡಕೆಯೂ ನೀನು ಪಳಗಿಸಿ ಕೊಟ್ಟದ್ದು."

ಕ್ಯಾಪ್ಟನ್ ಹಂಝ ಒಂದೇ ಪ್ರಶ್ನೆ ಕೇಳಿದರು. "ಆ ವಾರ ಈ ಕಡೆ ಬರಲೇ ಇಲ್ಲ ಎಂದು ಹೇಳಿಕೆ ಕೊಟ್ಟಿದ್ದೀರಿ. ಗುರುವಾರ ರಾತ್ರಿ ನಿಮ್ಮ ಕಾರು ಎಲ್ಲೆಲ್ಲಿ ಓಡಿತು ಎಂದು ರಸ್ತೆಯ ಕ್ಯಾಮೆರಾಗಳಲ್ಲಿ ನೋಡಲೇ?"

"ನೋಡುವುದು ಬೇಡ," ಎಂದ ರಸೆಲ್. ಅದೇ ಉತ್ತರವಾಯಿತು.

ಆಮೇಲೆ ಒಂದೊಂದೇ ಹೊರಬಂತು. ಭಾವನ ಹೆಸರು ಹೇಳಿಕೊಂಡು ರಸೆಲ್ ಊರಿನ ಮೂವರಿಗೆ ಕಂಪನಿಯ ವೀಸಾ ಕೊಡಿಸುವ ಆಸೆ ಹಚ್ಚಿ ಹಣ ಕಿತ್ತಿದ್ದ. ಅವರು ಇಲ್ಲಿಗೆ ಬಂದು ಕೆಲಸವೂ ಇಲ್ಲದೆ, ಹಿಂದಕ್ಕೂ ಹೋಗಲಾಗದೆ ನಿಂತಿದ್ದರು. ಅದು ಆಲ್ಬರ್ಟ್ ಕಿವಿಗೆ ಬಿತ್ತು. ಭಾನುವಾರದೊಳಗೆ ನೀನೇ ಹೋಗಿ ಕಂಪನಿಗೆ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದು ಮಸ್ಕತಿನಿಂದಲೇ ಫೋನಿನಲ್ಲಿ ಗಡುವು ಕೊಟ್ಟರು. ಗುರುವಾರ ಭಾವ ಟೆಂಟಿನಲ್ಲಿ ಮಲಗುವುದು ರಸೆಲ್‌ಗೆ ಗೊತ್ತಿತ್ತು. ಹೊಸ ಒಲೆ ಬಂದಿರುವುದೂ ಗೊತ್ತಿತ್ತು. ಇದ್ದಿಲು ಸುರಿದು, ಕೈಗೆ ಬಟ್ಟೆ ಸುತ್ತಿಕೊಂಡು ಕತ್ತಿಗೆ ಮುಚ್ಚಳ ಹಾಕಿ, ಕಿಂಡಿ ಮುಚ್ಚಿ, ಪರದೆ ಕಟ್ಟಿದರೆ ಸಾಕು, ನೋಡಿದವರು ಅಪಘಾತ ಎನ್ನುತ್ತಾರೆ. ಬೆಳಿಗ್ಗೆ ತಾನೇ ಮೊದಲು ಬಂದು ಗಂಟು ಬಿಚ್ಚುವುದು ಅವನ ಲೆಕ್ಕಾಚಾರ. ಸಫ್ವಾನ್ ಅವನಿಗಿಂತ ಮುಂಚೆ ಬಂದ. ಆದರೆ ರಸೆಲ್ ಅದೃಷ್ಟಕ್ಕೆ, ಜಗಳವಾಡಿ ಹೋಗಿದ್ದ ರಾಕೇಶನ ಮೇಲೆ ಅನುಮಾನ ಬಿತ್ತು.

"ಒಲೆ ನಡುರಾತ್ರಿ ಬಿರಿದರೆ ಸದ್ದಿಗೆ ಭಾವ ಎದ್ದುಬಿಡುತ್ತಾರೆ. ಅದಕ್ಕೇ ಮುಂಚೆಯೇ ಪಳಗಿಸಿದ್ದು," ಎಂದರು ವಿಜಯಮ್ಮ. "ಅಲ್ಲಿಯ ತನಕ ಬುದ್ಧಿ ಚೆನ್ನಾಗಿಯೇ ಓಡಿತ್ತು."

ಕೈಗೆ ಬೇಡಿ ಬೀಳುವಾಗ ಜೂಲಿಯೆಟ್ ತಮ್ಮನ ಎದುರು ಹೋಗಿ ನಿಂತರು. ಈಗ ಅವರ ಕೆನ್ನೆ ಪೂರ್ತಿ ಒದ್ದೆಯಾಗಿತ್ತು.

"ಇದೊಂದು ಹೇಳು ರಸೆಲ್. ಶಿಲುಬೆ ಯಾಕೆ ಬರೆದೆ?"

ಅವನು ಒಲೆಯನ್ನೇ ನೋಡುತ್ತಿದ್ದ.

"ಗೊತ್ತಿಲ್ಲ ಅಕ್ಕ. ಹೊಸ ಮಣ್ಣು ನೋಡಿದೆ. ಕೈ ತಾನಾಗಿ ಹೋಯ್ತು."

* * *

ಹೆರಿಗೆ ಕೋಣೆಯ ಹೊರಗೆ ರಾಕೇಶ್ ಇದ್ದ. ಅಳುವ ಮಗಳನ್ನು ಮೊದಲು ಎತ್ತಿಕೊಂಡವನೂ ಅವನೇ. ಅದನ್ನು ನೋಡಿದ ಮೇಲಷ್ಟೇ ವಿಜಯಮ್ಮ ಕೂತು ಮನಸಾರೆ ಅತ್ತರು. ಸಫ್ವಾನ್‌ಗೆ ಅವರು ಅಂಟಿನುಂಡೆಯ ಒಂದು ಡಬ್ಬವನ್ನೇ ಕೊಟ್ಟು ಕಳಿಸಿದರು. ಅವನು ತೆಗೆದುಕೊಂಡ. ಕ್ಷಮಿಸಿದನೋ ಇಲ್ಲವೋ ಹೇಳಲಿಲ್ಲ.

ಆಲ್ಬರ್ಟ್‌ಗೆ ಎಚ್ಚರವಾಗಿತ್ತು. ಮಾತು ಇನ್ನೂ ತೊದಲುತ್ತಿತ್ತು. ಮೈದುನ ಎಲ್ಲಿ ಎಂದು ಅವರು ಎರಡು ಸಲ ಕೇಳಿದರೆಂದೂ, ತಾನು ಉತ್ತರ ಕೊಡಲಿಲ್ಲವೆಂದೂ ಜೂಲಿಯೆಟ್ ಹೇಳಿದರು. ಮಗು ನೋಡಲು ಅವರು ಬಿನ್ ಮಹಮೂದ್‌ನ ಫ್ಲ್ಯಾಟಿಗೆ ಬಂದಿದ್ದರು. ಕೈಯಲ್ಲಿ ಹೊಸ ಮಣ್ಣಿನ ಮಡಕೆಯಿತ್ತು.

"ಬಾಣಂತಿಗೆ ಸಾರು ಮಾಡಲಿಕ್ಕೆ. ಪಳಗಿಸಲಿಲ್ಲ. ನೀವೇ ಪಳಗಿಸಿ. ಇನ್ನು ನನ್ನ ಮನೆಯಲ್ಲಿ ಅದು ಆಗುವ ಹಾಗಿಲ್ಲ."

ವಿಜಯಮ್ಮ ಒಲೆಯ ಮೇಲೆ ಗಂಜಿ ಇಟ್ಟರು. ಬೆಂದ ಮೇಲೆ ನೀರು ಬಸಿದು, ಮಡಕೆಯ ಒಳಗೂ ಹೊರಗೂ ಬಳಿದರು. ಆಮೇಲೆ ಬಟ್ಟಲನ್ನು ಜೂಲಿಯೆಟ್ ಕಡೆಗೆ ಸರಿಸಿದರು.

"ನಿಮ್ಮ ಅಜ್ಜಿಯ ಗುರುತು ಹಾಕಿ."

"ಚುಕ್ಕಿ ಇಡಲಿಕ್ಕೆ ನನಗೆ ಬರುವುದಿಲ್ಲ ಅಂತ ಹೇಳಿದೆನಲ್ಲ."

"ಬಂದಷ್ಟು ಹಾಕಿ. ನನ್ನ ಮಗಳು ಉಣ್ಣೋ ಮಡಕೆ ಇದು, ಮೊದಲ ಬೆಂಕಿ ದೇವರ ಹೆಸರಲ್ಲೇ ಆಗಲಿ."

ಜೂಲಿಯೆಟ್ ಬಹಳ ಹೊತ್ತು ಬೆರಳನ್ನು ಬಟ್ಟಲಿನಲ್ಲೇ ಅದ್ದಿ ಕೂತರು. ಆಮೇಲೆ ಮಡಕೆಯನ್ನು ಮಡಿಲಿಗೆ ಎಳೆದುಕೊಂಡು ಮೆಲ್ಲಗೆ ಒಂದು ಗೆರೆ ಎಳೆದರು.